ಕೆರೆಯ ಕೆಸರಿನಲ್ಲಿ ಸೂರ್ಯನ ಲೆಕ್ಕ ಹುಡುಕಿದ ಲಿಂಡೆಮನ್

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ‘ನಮ್ಮ ಪರಿಸರ’ ಎಂಬ ಅಧ್ಯಾಯವನ್ನು ಓದಿದ ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾತ್ರ ಮರೆಯುವುದಿಲ್ಲ. ಹುಲ್ಲಿನಲ್ಲಿ ಸಾವಿರ ಭಾಗ ಶಕ್ತಿಯಿದ್ದರೆ ಅದನ್ನು ತಿಂದ ಮಿಡತೆಗೆ ನೂರು, ಮಿಡತೆಯನ್ನು ನುಂಗಿದ ಕಪ್ಪೆಗೆ ಹತ್ತು, ಕಪ್ಪೆಯನ್ನು ಹಿಡಿದ ಹಾವಿಗೆ ಒಂದು. ಪಿಯುಸಿಗೆ ಬರುವ ಹೊತ್ತಿಗೆ ಇದು ‘ಶೇಕಡಾ ಹತ್ತರ ನಿಯಮ’ವಾಗುತ್ತದೆ. ಪ್ರವೇಶ ಪರೀಕ್ಷೆಗಳ ಮಾರ್ಗದರ್ಶಿಗಳಲ್ಲಿ ಅದರ ಪಕ್ಕದಲ್ಲೇ ಒಂದು ಹೆಸರು, ಒಂದು ಇಸವಿ ಕಾಣಿಸುತ್ತದೆ: ಲಿಂಡೆಮನ್, 1942. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು.

ಆ ಹೆಸರಿನ ಮನುಷ್ಯ ಯಾರು ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. 1942ರ ಅಕ್ಟೋಬರ್‌ನಲ್ಲಿ ಅಮೆರಿಕದ ‘ಇಕಾಲಜಿ’ ನಿಯತಕಾಲಿಕದಲ್ಲಿ ಆ ಪ್ರಸಿದ್ಧ ಲೇಖನ ಅಚ್ಚಾದಾಗ ರೇಮಂಡ್ ಲಾರೆಲ್ ಲಿಂಡೆಮನ್ ಬದುಕಿರಲಿಲ್ಲ. ನಾಲ್ಕು ತಿಂಗಳ ಹಿಂದೆ, ಇಪ್ಪತ್ತಾರನೇ ವಯಸ್ಸಿನಲ್ಲಿ, ಅವರು ತೀರಿಕೊಂಡಿದ್ದರು. ಆ ಲೇಖನವನ್ನು ಪ್ರಕಟಿಸಬಾರದೆಂದು ಆ ಕಾಲದ ಇಬ್ಬರು ಹಿರಿಯ ವಿಜ್ಞಾನಿಗಳು ಶಿಫಾರಸು ಮಾಡಿದ್ದರು. ಇನ್ನೂ ಸೋಜಿಗದ ಸಂಗತಿಯೆಂದರೆ, ಆ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಅದರಲ್ಲಿ ಶೇಕಡಾ ಹತ್ತರ ನಿಯಮ ಎಂಬುದು ಸಿಗುವುದಿಲ್ಲ.

ಹೊಲದಿಂದ ಪ್ರಯೋಗಶಾಲೆಗೆ

ಲಿಂಡೆಮನ್ ಜನಿಸಿದ್ದು 1915ರ ಜುಲೈ 24ರಂದು, ಅಮೆರಿಕದ ಉತ್ತರ ಭಾಗದ ಮಿನ್ನೆಸೋಟ ರಾಜ್ಯದ ರೆಡ್‌ವುಡ್ ಫಾಲ್ಸ್‌ನಲ್ಲಿ. ಕೃಷಿಕ ಕುಟುಂಬ. ಸಾವಿರಾರು ಕೆರೆಗಳ ನಾಡೆಂದೇ ಹೆಸರಾದ ಆ ರಾಜ್ಯದಲ್ಲಿ ಹಳ್ಳಿಯ ಹುಡುಗನಿಗೆ ನೀರು, ಕೆಸರು, ಹುಳುಹುಪ್ಪಟೆಗಳ ಸಹವಾಸ ಹೊಸದೇನಲ್ಲ. ಬಾಲ್ಯದ ಅಪಘಾತವೊಂದರಲ್ಲಿ ಒಂದು ಕಣ್ಣಿನ ದೃಷ್ಟಿ ಬಹುಪಾಲು ನಷ್ಟವಾಯಿತು. ಮುಂದೆ ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕುಳಿತು ಕಣ್ಣಿಗೆ ಕಾಣದ ಜೀವಿಗಳನ್ನು ಎಣಿಸುವ ಕೆಲಸವನ್ನೇ ಅವರು ಆರಿಸಿಕೊಂಡರು ಎನ್ನುವಾಗ ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಮಿಸೌರಿಯ ಪಾರ್ಕ್ ಕಾಲೇಜಿನಿಂದ 1936ರಲ್ಲಿ ಪದವಿ ಪಡೆದ ಲಿಂಡೆಮನ್ ಅದೇ ವರ್ಷ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾದರು. ಮೀನುಗಳ ತಜ್ಞ ಸ್ಯಾಮ್ಯುಯೆಲ್ ಎಡ್ಡಿ ಅವರ ಮಾರ್ಗದರ್ಶಕರು. ಸಸ್ಯ ಪರಿಸರ ವಿಜ್ಞಾನಿ ವಿಲಿಯಂ ಕೂಪರ್ ಅವರ ಪಾಠಗಳಿಂದ ಒಂದು ಭೂಭಾಗ ಕಾಲಾಂತರದಲ್ಲಿ ಹೇಗೆ ರೂಪ ಬದಲಿಸುತ್ತದೆಂಬ ದೃಷ್ಟಿಯೂ ದೊರೆಯಿತು. ಅಧ್ಯಯನಕ್ಕೆ ಅವರು ಆರಿಸಿಕೊಂಡದ್ದು ಮಿನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿರುವ ಸೀಡರ್ ಬಾಗ್ ಲೇಕ್ ಎಂಬ ಪುಟ್ಟ ಕೆರೆಯನ್ನು.

ಕೆರೆ ಎನ್ನುವುದಕ್ಕಿಂತ ಕೆರೆಯಾಗಿದ್ದದ್ದು ಎನ್ನುವುದೇ ಸರಿ. ಹಿಮಯುಗದ ಹಿಮರಾಶಿ ಹಿಂಜರಿದ ಮೇಲೆ ಉಂಟಾದ ಈ ಜಲಾಶಯ ಸಾವಿರಾರು ವರ್ಷಗಳಿಂದ ಹೂಳು ತುಂಬುತ್ತ ಬಂದು, ನೀರಿನ ಆಳ ಸುಮಾರು ಒಂದು ಮೀಟರಿಗೆ ಇಳಿದಿತ್ತು. ಸುತ್ತಲೂ ಜವುಗು, ಅದರಾಚೆ ಮರಗಳು. ತಳದಲ್ಲಿ ಮಾತ್ರ ಮೀಟರುಗಟ್ಟಲೆ ಕೆಸರು. ಮನುಷ್ಯರ ಭಾಷೆಯಲ್ಲಿ ಹೇಳುವುದಾದರೆ ವೃದ್ಧಾಪ್ಯ ತಲುಪಿದ ಕೆರೆ. ಸುಂದರ, ವಿಶಾಲ ಸರೋವರಗಳು ಸಾಲುಗಟ್ಟಿರುವ ರಾಜ್ಯದಲ್ಲಿ ಈ ಕೆರೆಯನ್ನೇ ಆರಿಸಿಕೊಂಡದ್ದು ವಿಚಿತ್ರವೆನಿಸಬಹುದು. ಆದರೆ ಇದು ಚಿಕ್ಕದು. ಒಬ್ಬ ವಿದ್ಯಾರ್ಥಿ ಇಡಿಯಾಗಿ ಅಳೆದು ಮುಗಿಸಬಹುದಾದಷ್ಟು ಚಿಕ್ಕದು. ಆ ಆಯ್ಕೆಯಲ್ಲೇ ಅರ್ಧ ಯಶಸ್ಸು ಅಡಗಿತ್ತು.

ಮಂಜುಗಡ್ಡೆಯಡಿಯ ಐದು ವರ್ಷ

1936ರಿಂದ ಐದು ವರ್ಷ ಲಿಂಡೆಮನ್ ಈ ಕೆರೆಯ ಬೆನ್ನುಬಿದ್ದರು. 1938ರಲ್ಲಿ ಕೈಹಿಡಿದ ಪತ್ನಿ ಎಲಿನರ್ ಕೆರೆಯ ಕೆಲಸದಲ್ಲೂ ಜೊತೆಯಾದರು. ತೇಲುವ ಪಾಚಿ, ಬೇರೂರಿದ ಜಲಸಸ್ಯ, ಅವುಗಳನ್ನು ಮೇಯುವ ಸೂಕ್ಷ್ಮ ಪ್ರಾಣಿಗಳು, ಕೆಸರಿನಲ್ಲಿ ಹೊರಳುವ ಕೀಟಗಳ ಮರಿಹುಳುಗಳು, ಇವನ್ನು ತಿನ್ನುವ ಬೇಟೆಗಾರ ಕೀಟಗಳು, ಮೀನುಗಳು, ಹೀಗೆ ಒಂದೊಂದು ಗುಂಪನ್ನೂ ಋತುವಿನಿಂದ ಋತುವಿಗೆ ಹಿಡಿದು, ಎಣಿಸಿ, ತೂಗಿದರು.

ಮಿನ್ನೆಸೋಟದ ಚಳಿಗಾಲದಲ್ಲಿ ಕೆರೆಯ ಮೇಲ್ಮೈ ಹೆಪ್ಪುಗಟ್ಟುತ್ತದೆ. ಮೇಲೆ ಹಿಮದ ಹೊದಿಕೆ ಬಿದ್ದರೆ ಬೆಳಕು ಒಳಗಿಳಿಯುವುದಿಲ್ಲ. ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ, ಆದರೆ ಕೆಸರಿನ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ. ಕ್ರಮೇಣ ನೀರಿನಲ್ಲಿ ಆಮ್ಲಜನಕ ಇಲ್ಲವಾಗುತ್ತದೆ. ಇಂಥ ಉಸಿರುಗಟ್ಟಿದ ಕೆರೆಯಲ್ಲಿ ಯಾವ ಜೀವಿ ಎಷ್ಟು ದಿನ ಬದುಕೀತು ಎಂಬುದನ್ನು ಲಿಂಡೆಮನ್ ಪ್ರಯೋಗಶಾಲೆಯಲ್ಲಿ ಅಂಥದೇ ಸ್ಥಿತಿಯನ್ನು ನಿರ್ಮಿಸಿ ಪರೀಕ್ಷಿಸಿದರು. ಈ ಕುರಿತ ಅವರ ಲೇಖನ 1942ರ ಆರಂಭದಲ್ಲೇ ‘ಇಕಾಲಜಿ’ಯಲ್ಲಿ ಪ್ರಕಟವಾಯಿತು. ಅದಕ್ಕೆ ಯಾರ ಆಕ್ಷೇಪವೂ ಬರಲಿಲ್ಲ. ಅದು ಅಂದಿನ ಸರೋವರ ವಿಜ್ಞಾನಿಗಳಿಗೆ ಒಗ್ಗಿದ, ಅಳೆದು ವರದಿ ಮಾಡುವ ಬಗೆಯ ಬರಹ.

ತೊಂದರೆ ಆರಂಭವಾದದ್ದು ಅಳತೆಗಳನ್ನು ಒಟ್ಟುಗೂಡಿಸಲು ಹೊರಟಾಗ. ಇಷ್ಟು ಪಾಚಿ, ಇಷ್ಟು ಹುಳು, ಇಷ್ಟು ಮೀನು ಎಂಬ ಪಟ್ಟಿಗಳಿಂದ ಕೆರೆ ಹೇಗೆ ನಡೆಯುತ್ತದೆಂದು ತಿಳಿಯುವುದಿಲ್ಲ. ಒಂದು ಮೀನನ್ನೂ ಹತ್ತು ಸಾವಿರ ಪಾಚಿ ಕೋಶಗಳನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ? ಸಂತೆಯಲ್ಲಿ ರಾಗಿಯನ್ನೂ ಕುರಿಯನ್ನೂ ಹೋಲಿಸಬೇಕಾದರೆ ಎರಡಕ್ಕೂ ರೂಪಾಯಿಯ ಬೆಲೆ ಕಟ್ಟುತ್ತೇವೆ. ಲಿಂಡೆಮನ್ ಕೆರೆಯ ಜೀವಿಗಳಿಗೆ ಕಟ್ಟಿದ ಬೆಲೆ ಕ್ಯಾಲೊರಿಯದು. ಪ್ರತಿಯೊಂದು ಗುಂಪಿನ ಒಣತೂಕವನ್ನು ಅದರಲ್ಲಡಗಿದ ಶಕ್ತಿಯ ಪ್ರಮಾಣಕ್ಕೆ ಪರಿವರ್ತಿಸಿ, ಒಂದು ಚದರ ಸೆಂಟಿಮೀಟರ್ ಕೆರೆಯ ಮೇಲೆ ವರ್ಷವೊಂದಕ್ಕೆ ಬೀಳುವ ಬಿಸಿಲಿನ ಶಕ್ತಿಯೊಡನೆ ಹೋಲಿಸಿದರು. ಆಗ ಪಟ್ಟಿಗಳು ಜಮಾಖರ್ಚಿನ ಪುಸ್ತಕವಾದವು.

ಮೂರು ಅಂಕಿಗಳು

ಆಹಾರ ಸರಪಳಿಯ ಕಲ್ಪನೆ ಲಿಂಡೆಮನ್ ಅವರದಲ್ಲ. ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1927ರ ತಮ್ಮ ಪುಸ್ತಕದಲ್ಲಿ ಆಹಾರ ಸರಪಳಿಯನ್ನೂ ಸಂಖ್ಯೆಗಳ ಪಿರಮಿಡ್ಡನ್ನೂ ವಿವರಿಸಿದ್ದರು. ಬುಡದಲ್ಲಿ ಅಸಂಖ್ಯಾತ ಸಸ್ಯಗಳು, ಮೇಲೇರಿದಂತೆ ಕಡಿಮೆ ಸಂಖ್ಯೆಯ ಪ್ರಾಣಿಗಳು, ತುದಿಯಲ್ಲಿ ಬೆರಳೆಣಿಕೆಯ ಬೇಟೆಗಾರರು. ಜೀವಿಗಳನ್ನೂ ಅವುಗಳ ನಿರ್ಜೀವ ಪರಿಸರವನ್ನೂ ಒಂದೇ ಘಟಕವೆಂದು ಕಾಣುವ ‘ಪರಿಸರ ವ್ಯವಸ್ಥೆ’ ಎಂಬ ಪದವನ್ನು ಆರ್ಥರ್ ಟ್ಯಾನ್ಸ್ಲಿ 1935ರಲ್ಲಿ ಬಳಕೆಗೆ ತಂದಿದ್ದರು. ಪದ ಇತ್ತು, ಪಿರಮಿಡ್ ಇತ್ತು. ಪಿರಮಿಡ್ ಏಕೆ ಆ ಆಕಾರದಲ್ಲಿದೆ ಎಂಬುದಕ್ಕೆ ಎಲ್ಟನ್ ಕೊಟ್ಟ ಉತ್ತರ ಪ್ರಾಣಿಗಳ ಗಾತ್ರ ಮತ್ತು ಸಂತಾನವೃದ್ಧಿಯ ವೇಗಕ್ಕೆ ಸಂಬಂಧಿಸಿದ್ದು. ಲಿಂಡೆಮನ್ ಕೊಟ್ಟದ್ದು ಭೌತಶಾಸ್ತ್ರದ ಉತ್ತರ.

ಸೂರ್ಯನಿಂದ ಬಂದ ಶಕ್ತಿಯನ್ನು ಸಸ್ಯಗಳು ಹಿಡಿದಿಡುತ್ತವೆ. ಅದರಲ್ಲಿ ಒಂದು ಪಾಲನ್ನು ಅವು ತಮ್ಮ ಉಸಿರಾಟಕ್ಕೇ ವ್ಯಯಿಸುತ್ತವೆ. ಉಳಿದದ್ದರಲ್ಲಿ ಎಲ್ಲವೂ ಮೇಯುವ ಪ್ರಾಣಿಯ ಬಾಯಿಗೆ ಬೀಳುವುದಿಲ್ಲ. ಬಾಯಿಗೆ ಬಿದ್ದದ್ದೆಲ್ಲ ಜೀರ್ಣವಾಗುವುದಿಲ್ಲ. ಜೀರ್ಣವಾದದ್ದರಲ್ಲೂ ದೊಡ್ಡ ಪಾಲು ಓಡಾಟಕ್ಕೆ, ಉಸಿರಾಟಕ್ಕೆ ಖರ್ಚಾಗಿ ಶಾಖವಾಗಿ ಚದುರಿಹೋಗುತ್ತದೆ. ಹಾಗೆ ಚದುರಿದ ಶಾಖವನ್ನು ಯಾವ ಸಸ್ಯವೂ ಮರಳಿ ಹಿಡಿಯಲಾರದು. ಸಾರಜನಕ, ರಂಜಕಗಳಂಥ ವಸ್ತುಗಳು ಕೆಸರಿನಿಂದ ನೀರಿಗೆ, ನೀರಿನಿಂದ ಪಾಚಿಗೆ ತಿರುಗಿ ತಿರುಗಿ ಬರುತ್ತವೆ. ಶಕ್ತಿಯಾದರೋ ಒಂದೇ ದಿಕ್ಕಿನ ಪ್ರಯಾಣಿಕ. ಪ್ರತಿಯೊಂದು ಪೋಷಣಾ ಸ್ತರದಲ್ಲೂ ಸೋರಿಕೆ ಇರುವುದರಿಂದ ಮೇಲಿನ ಸ್ತರಕ್ಕೆ ಸಿಗುವುದು ಕೆಳಗಿನದಕ್ಕಿಂತ ಕಡಿಮೆಯೇ. ಪಿರಮಿಡ್ಡಿನ ಆಕಾರಕ್ಕೂ ಆಹಾರ ಸರಪಳಿ ನಾಲ್ಕೈದು ಕೊಂಡಿಗಳಲ್ಲಿ ಮುಗಿದುಹೋಗುವುದಕ್ಕೂ ಇದೇ ಕಾರಣ.

ಸೀಡರ್ ಬಾಗ್ ಕೆರೆಯಲ್ಲಿ ಅವರಿಗೆ ದೊರೆತ ಅಂಕಿಗಳು ಹೀಗಿದ್ದವು. ಬಿದ್ದ ಬಿಸಿಲಿನಲ್ಲಿ ಸಸ್ಯಗಳು ಹಿಡಿದದ್ದು ಶೇ. 0.10 ಮಾತ್ರ. ಸಸ್ಯಗಳ ಶಕ್ತಿಯಲ್ಲಿ ಸಸ್ಯಾಹಾರಿಗಳಿಗೆ ದಾಟಿದ್ದು ಶೇ. 13.3. ಸಸ್ಯಾಹಾರಿಗಳಿಂದ ಅವುಗಳ ಬೇಟೆಗಾರರಿಗೆ ದಾಟಿದ್ದು ಶೇ. 22.3. ಅಂದರೆ ಪಾಚಿಯಲ್ಲಿ ಸಾವಿರ ಭಾಗ ಶಕ್ತಿಯಿದ್ದರೆ ಅದನ್ನು ಮೇಯುವವಕ್ಕೆ 133, ಅವನ್ನು ಬೇಟೆಯಾಡುವವಕ್ಕೆ ಸುಮಾರು 30. ಶಾಲೆಯ ನೂರು, ಹತ್ತು ಇದಲ್ಲ.

ಹೋಲಿಕೆಗೆಂದು ಲಿಂಡೆಮನ್ ವಿಸ್ಕಾನ್ಸಿನ್ ರಾಜ್ಯದ ಮೆಂಡೋಟ ಸರೋವರದ ಅಂಕಿಗಳನ್ನೂ ತೆಗೆದುಕೊಂಡರು. ಅಲ್ಲಿ ಸಸ್ಯಗಳು ಹಿಡಿದದ್ದು ಬಿಸಿಲಿನ ಶೇ. 0.40. ಮುಂದಿನ ಮೂರು ಸ್ತರಗಳಲ್ಲಿ ಕ್ರಮವಾಗಿ ಶೇ. 8.7, 5.5 ಮತ್ತು 13.0. ಒಂದು ಕೆರೆಯಂತೆ ಇನ್ನೊಂದಿಲ್ಲ, ಒಂದು ಸ್ತರದಂತೆ ಇನ್ನೊಂದಿಲ್ಲ. ಬೇಟೆಯ ಹುಡುಕಾಟದಲ್ಲಿ ಮಾಂಸಾಹಾರಿಗಳು ಹೆಚ್ಚು ಶಕ್ತಿ ಕಳೆದುಕೊಂಡರೂ ಸಿಕ್ಕ ಆಹಾರವನ್ನು ಅವು ಹೆಚ್ಚು ದಕ್ಷವಾಗಿ ಬಳಸುತ್ತವೆ, ಆದ್ದರಿಂದ ಮೇಲೇರಿದಂತೆ ದಕ್ಷತೆ ಹೆಚ್ಚಬಹುದು ಎಂದು ಅವರು ಊಹಿಸಿದ್ದರು. ತಮ್ಮ ಹೆಸರಿನಲ್ಲಿ ಮುಂದೆ ಎಲ್ಲ ಸ್ತರಗಳಿಗೂ ಒಂದೇ ಅಂಕಿಯನ್ನು ಅಂಟಿಸಲಾಗುತ್ತದೆಂದು ಅವರಿಗೆ ಹೊಳೆದಿರಲಾರದು.

ಲಿಂಡೆಮನ್ ಬರೆದ ಕೆರೆಯ ಆಹಾರ ಚಕ್ರದ ಚಿತ್ರವೊಂದಿದೆ. ಮೇಲ್ತುದಿಯಲ್ಲಿ ಸೂರ್ಯನ ಶಕ್ತಿ, ಒಂದು ಬದಿಯಲ್ಲಿ ತೇಲುವ ಜೀವಿಗಳು, ಇನ್ನೊಂದು ಬದಿಯಲ್ಲಿ ತಳದ ಸಸ್ಯಗಳು ಹಾಗೂ ಅವುಗಳನ್ನು ಆಶ್ರಯಿಸಿದ ಪ್ರಾಣಿಗಳು. ನಟ್ಟನಡುವೆ ಇರುವುದು ಮೀನಲ್ಲ, ಪಾಚಿಯಲ್ಲ, ಕೆಸರು. ಸತ್ತದ್ದೆಲ್ಲ ಬಂದು ಸೇರುವ, ಬ್ಯಾಕ್ಟೀರಿಯಾಗಳು ಕೊಳೆಸಿ ಮತ್ತೆ ನೀರಿಗೆ ಬಿಟ್ಟುಕೊಡುವ ಕೆಸರು. ಅದು ಸತ್ತ ವಸ್ತುವೂ ಹೌದು, ಬ್ಯಾಕ್ಟೀರಿಯಾಗಳಿಂದ ಜೀವಂತವೂ ಹೌದು. ಜೀವಿಗಳ ಸಮುದಾಯವನ್ನು ಅದರ ನಿರ್ಜೀವ ಪರಿಸರದಿಂದ ಬೇರ್ಪಡಿಸಿ ನೋಡುವುದು ಅಸಹಜವೆಂದು ಅವರಿಗೆ ಮನವರಿಕೆಯಾದದ್ದು ಈ ಕೆಸರಿನಿಂದಲೇ. ಟ್ಯಾನ್ಸ್ಲಿಯವರ ಹೊಸ ಪದಕ್ಕೆ ಇಲ್ಲಿ ಕೆಲಸ ಸಿಕ್ಕಿತು.

ತಿರಸ್ಕಾರ

1941ರ ಮಾರ್ಚ್‌ನಲ್ಲಿ ಡಾಕ್ಟರೇಟ್ ಪಡೆದ ಲಿಂಡೆಮನ್ ಅದೇ ವರ್ಷ ಸ್ಟರ್ಲಿಂಗ್ ಫೆಲೋಷಿಪ್ ಮೇಲೆ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿದ್ದವರು ಜಿ. ಎವ್‌ಲಿನ್ ಹಚಿನ್ಸನ್. ಇಂಗ್ಲೆಂಡಿನಲ್ಲಿ ಹುಟ್ಟಿ, ದಕ್ಷಿಣ ಆಫ್ರಿಕದಲ್ಲಿ ಕೆಲಸ ಮಾಡಿ, 1928ರಲ್ಲಿ ಯೇಲ್ ಸೇರಿದ್ದ ಹಚಿನ್ಸನ್ ಅವರಿಗೆ ಭಾರತದ ಪರಿಚಯವೂ ಇತ್ತು. 1932ರ ಯೇಲ್ ಉತ್ತರ ಭಾರತ ಸಂಶೋಧನಾ ಯಾತ್ರೆಯಲ್ಲಿ ಜೀವವಿಜ್ಞಾನಿಯಾಗಿ ಪಾಲ್ಗೊಂಡು ಲಡಾಖಿನ ಎತ್ತರದ ಸರೋವರಗಳನ್ನು ಅವರು ಅಧ್ಯಯನ ಮಾಡಿದ್ದರು. ಸರೋವರಗಳ ಕುರಿತು ಗಣಿತದ ಭಾಷೆಯಲ್ಲಿ ಚಿಂತಿಸುತ್ತಿದ್ದ ಕೆಲವೇ ಮಂದಿಯಲ್ಲಿ ಅವರೊಬ್ಬರು. ಲಿಂಡೆಮನ್ ತಮ್ಮ ಪ್ರಬಂಧದ ಕೊನೆಯ ಅಧ್ಯಾಯವನ್ನು ಹಚಿನ್ಸನ್ ಅವರೊಡನೆ ಚರ್ಚಿಸಿ, ತಿದ್ದಿ, ಸ್ವತಂತ್ರ ಲೇಖನವಾಗಿ ‘ಇಕಾಲಜಿ’ಗೆ ಕಳುಹಿಸಿದರು.

ಸಂಪಾದಕರಾದ ಷಿಕಾಗೊ ವಿಶ್ವವಿದ್ಯಾಲಯದ ಥಾಮಸ್ ಪಾರ್ಕ್ ಅದನ್ನು ಇಬ್ಬರು ತಜ್ಞರ ಪರಿಶೀಲನೆಗೆ ಒಪ್ಪಿಸಿದರು. ಒಬ್ಬರು ಮಿಷಿಗನ್‌ನ ಪಾಲ್ ವೆಲ್ಚ್. ಸರೋವರ ವಿಜ್ಞಾನದ ಪ್ರಮುಖ ಪಠ್ಯಪುಸ್ತಕವನ್ನು 1935ರಲ್ಲಿ ಬರೆದವರು. ಇನ್ನೊಬ್ಬರು ವಿಸ್ಕಾನ್ಸಿನ್‌ನ ಚಾನ್ಸಿ ಜೂಡೇ. ದಶಕಗಳ ಕಾಲ ನೂರಾರು ಸರೋವರಗಳ ಅಳತೆ ಮಾಡಿದವರು. ಇಬ್ಬರೂ ಲೇಖನವನ್ನು ತಿರಸ್ಕರಿಸಬೇಕೆಂದರು. ಅಂಕಿ-ಅಂಶಗಳಿಗಿಂತ ಊಹೆಯೇ ಹೆಚ್ಚಾಯಿತು, ಒಂದು ಸಣ್ಣ ಕೆರೆಯ ಆಧಾರದ ಮೇಲೆ ಎಲ್ಲ ಕೆರೆಗಳಿಗೂ ಅನ್ವಯಿಸುವ ಸಿದ್ಧಾಂತ ಕಟ್ಟಲಾಗದು, ಕ್ಷೇತ್ರದಲ್ಲಿ ಅಳೆಯುವುದು ಇನ್ನೂ ಬೇಕಾದಷ್ಟಿರುವಾಗ ಮೇಜಿನ ಮುಂದೆ ಕುಳಿತು ಸಿದ್ಧಾಂತ ರಚಿಸುವ ಕಾಲ ಇದಲ್ಲ ಎಂಬುದು ಅವರ ಆಕ್ಷೇಪಗಳ ಸಾರ. ಐದು ವರ್ಷ ಮಂಜುಗಡ್ಡೆಯ ಮೇಲೆ ಓಡಾಡಿದವನಿಗೆ ಮೇಜಿನ ಸಂಶೋಧಕ ಎಂಬ ಆರೋಪ.

ವಿಪರ್ಯಾಸವೆಂದರೆ, ಮೆಂಡೋಟ ಸರೋವರದ ಯಾವ ಅಂಕಿಗಳನ್ನು ಲಿಂಡೆಮನ್ ಬಳಸಿಕೊಂಡಿದ್ದರೋ ಅವು ಜೂಡೇ ಅವರದೇ. 1940ರಲ್ಲಿ ಜೂಡೇ ಆ ಸರೋವರದ ವಾರ್ಷಿಕ ಶಕ್ತಿಯ ಆಯವ್ಯಯವನ್ನು ಪ್ರಕಟಿಸಿದ್ದರು. ತಮ್ಮದೇ ಅಂಕಿಗಳಿಂದ ಒಬ್ಬ ಯುವಕ ತೆಗೆದ ಅರ್ಥವನ್ನು ಅವರು ಒಪ್ಪಲಿಲ್ಲ.

ಈ ಇಬ್ಬರು ಹಿರಿಯರನ್ನು ಖಳನಾಯಕರಂತೆ ಚಿತ್ರಿಸುವುದು ನಂತರದ ಬರಹಗಳಲ್ಲಿ ರೂಢಿಯಾಗಿದೆ. ಅದು ನ್ಯಾಯವಲ್ಲ. ಒಂದು ಕೆರೆ ಸಾಲದೆಂಬ ಅವರ ಮಾತಿನಲ್ಲಿ ಹುರುಳಿತ್ತು. ಲಿಂಡೆಮನ್ ಅವರ ಕೆಲವು ಲೆಕ್ಕಗಳೂ ದಕ್ಷತೆಯ ಕುರಿತ ವ್ಯಾಖ್ಯೆಗಳೂ ಒಂದಕ್ಕೊಂದು ಹೊಂದುವುದಿಲ್ಲವೆಂದು ಮುಂದಿನ ತಲೆಮಾರಿನ ವಿಜ್ಞಾನಿಗಳು ತೋರಿಸಿದ್ದಾರೆ. ಮೇಲೇರಿದಂತೆ ದಕ್ಷತೆ ಹೆಚ್ಚುತ್ತದೆಂಬ ಅವರ ಊಹೆ ಸಾರ್ವತ್ರಿಕ ನಿಯಮವಾಗಿ ನಿಲ್ಲಲಿಲ್ಲ. ಆದರೆ ಪ್ರಶ್ನೆ ಹಾಕುವ ರೀತಿಯೇ ಬದಲಾಗಿದೆಯೆಂಬುದನ್ನು ಪರಿಶೀಲಕರು ಗುರುತಿಸದೇ ಹೋದರು.

ಹಚಿನ್ಸನ್ ಸುಮ್ಮನಿರಲಿಲ್ಲ. ಸಂಪಾದಕರಿಗೆ ಅವರು ದೀರ್ಘ ಪತ್ರ ಬರೆದು, ಪರೀಕ್ಷಿಸಿ ನೋಡಬಹುದಾದ ಸಿದ್ಧಾಂತವಿಲ್ಲದೆ ಅಳತೆಗಳ ರಾಶಿಯಿಂದ ವಿಜ್ಞಾನ ಮುಂದೆ ಸಾಗುವುದಿಲ್ಲವೆಂದು ವಾದಿಸಿದರು. ಲಿಂಡೆಮನ್ ಲೇಖನವನ್ನು ಪರಿಷ್ಕರಿಸಿದರು. ಅಷ್ಟರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಧುಮುಕಿತ್ತು. 1942ರ ಮಾರ್ಚ್‌ನಲ್ಲಿ ಥಾಮಸ್ ಪಾರ್ಕ್ ಇಬ್ಬರೂ ಪರಿಶೀಲಕರ ಅಭಿಪ್ರಾಯವನ್ನು ಬದಿಗಿರಿಸಿ ಲೇಖನವನ್ನು ಸ್ವೀಕರಿಸಿದರು. ಸಂಪಾದಕನೊಬ್ಬನ ಕುರ್ಚಿಯಲ್ಲಿ ಕುಳಿತು ಹಾಗೆ ಮಾಡಲು ಧೈರ್ಯ ಬೇಕು. ಈ ಕತೆಯಲ್ಲಿ ಪಾರ್ಕ್ ಅವರಿಗೆ ಸಲ್ಲಬೇಕಾದ ಶ್ರೇಯಸ್ಸು ಅಷ್ಟಾಗಿ ಸಂದಿಲ್ಲ.

ಲಿಂಡೆಮನ್ ಅವರ ದೇಹ ಮಾತ್ರ ಸೋಲುತ್ತಿತ್ತು. ಹಲವು ವರ್ಷಗಳಿಂದ ಯಕೃತ್ತಿನ ಕಾಯಿಲೆ ಅವರನ್ನು ಬಿಟ್ಟುಬಿಟ್ಟು ಕಾಡುತ್ತಿತ್ತು. 1942ರ ಜೂನ್‌ನಲ್ಲಿ ಸ್ಥಿತಿ ಬಿಗಡಾಯಿಸಿ ಶಸ್ತ್ರಚಿಕಿತ್ಸೆ ನಡೆಯಿತು. ಜೂನ್ 29ರಂದು ಅವರು ಕೊನೆಯುಸಿರೆಳೆದರು. ಇನ್ನು ಇಪ್ಪತ್ತೈದು ದಿನ ಕಳೆದಿದ್ದರೆ ಅವರಿಗೆ 27 ತುಂಬುತ್ತಿತ್ತು. ಅಕ್ಟೋಬರ್ ಸಂಚಿಕೆಯಲ್ಲಿ ಲೇಖನ ಬೆಳಕು ಕಂಡಾಗ ಅದರ ಕೊನೆಯಲ್ಲಿ ಹಚಿನ್ಸನ್ ಅವರ ಕಿರುಟಿಪ್ಪಣಿಯೊಂದಿತ್ತು. ಲೇಖಕರು ಇನ್ನಿಲ್ಲವೆಂಬ ಸುದ್ದಿ ಬಹಳಷ್ಟು ಓದುಗರಿಗೆ ತಲುಪಿದ್ದು ಆ ಟಿಪ್ಪಣಿಯಿಂದ.

ಹತ್ತು ಎಲ್ಲಿಂದ ಬಂತು?

ಲೇಖನದ ಪ್ರಭಾವ ಹಬ್ಬಿದ್ದು ಯುದ್ಧ ಮುಗಿದ ಮೇಲೆ. ಯೂಜೀನ್ ಓಡಂ 1953ರಲ್ಲಿ ಬರೆದ ಪಠ್ಯಪುಸ್ತಕ ಪರಿಸರ ವ್ಯವಸ್ಥೆಯ ಕಲ್ಪನೆಯನ್ನೇ ಕೇಂದ್ರದಲ್ಲಿರಿಸಿ ಜಗತ್ತಿನಾದ್ಯಂತ ಕಾಲೇಜುಗಳನ್ನು ಮುಟ್ಟಿತು. ಅವರ ತಮ್ಮ, ಹಚಿನ್ಸನ್ ಅವರ ಶಿಷ್ಯ ಹೊವರ್ಡ್ ಓಡಂ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಎಂಬ ಚಿಲುಮೆಯ ಶಕ್ತಿಯ ಲೆಕ್ಕವನ್ನು 1957ರಲ್ಲಿ ಪ್ರಕಟಿಸಿದರು. ಹಚಿನ್ಸನ್ ಅವರ ಇನ್ನೊಬ್ಬ ಶಿಷ್ಯ ಲಾರೆನ್ಸ್ ಸ್ಲೊಬೊಡ್ಕಿನ್ ನೀರುಚಿಗಟೆಯೆಂಬ ಸೂಕ್ಷ್ಮ ಜಲಜೀವಿಯನ್ನು ಪ್ರಯೋಗಶಾಲೆಯಲ್ಲಿ ಸಾಕಿ, ಒಂದು ಸ್ತರದಿಂದ ಇನ್ನೊಂದಕ್ಕೆ ದಾಟುವ ಶಕ್ತಿ ಶೇ. 5ರಿಂದ 20ರ ನಡುವೆ, ಸ್ಥೂಲವಾಗಿ ಹತ್ತರ ಆಸುಪಾಸಿನಲ್ಲಿರುತ್ತದೆಂದು 1960ರ ಸುಮಾರಿಗೆ ಅಂದಾಜಿಸಿದರು. ಹತ್ತು ಎಂಬ ಅಂಕಿ ಗಟ್ಟಿಯಾದದ್ದು ಈ ಹಾದಿಯಲ್ಲಿ. ಗುಣಿಸಲು ಸುಲಭ, ಭಾಗಿಸಲು ಇನ್ನೂ ಸುಲಭ. ಪಠ್ಯಪುಸ್ತಕಗಳಿಗೆ ಬೇರೇನು ಬೇಕು? ಆ ಅಂಕಿಗೆ ಲಿಂಡೆಮನ್ ಅವರ ಹೆಸರು ಅಂಟಿಕೊಂಡಿತು.

ಹತ್ತು ತಪ್ಪೆಂದು ಹೇಳುವಂತೆಯೂ ಇಲ್ಲ. ಡೇನಿಯಲ್ ಪೌಲಿ ಮತ್ತು ವಿಲಿ ಕ್ರಿಸ್ಟೆನ್ಸನ್ 1995ರಲ್ಲಿ 48 ಜಲಪರಿಸರ ಮಾದರಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಶೇ. 10ರ ಸಮೀಪವೇ ಬಂತು. ಬಿಡಿಬಿಡಿಯಾಗಿ ನೋಡಿದರೆ ಮಾತ್ರ ಅಂಕಿಗಳು ಶೇ. 2ರಿಂದ 24ರವರೆಗೆ ಹರಡಿದ್ದವು. ನಮ್ಮ ಹತ್ತನೇ ತರಗತಿಯ ಪುಸ್ತಕವೂ ಹತ್ತನ್ನು ಸರಾಸರಿಯೆಂದೇ ಹೇಳುತ್ತದೆ. ಸರಾಸರಿ ನಿಯಮವಾಗುವುದು ಪ್ರಶ್ನೆಪತ್ರಿಕೆಗೂ ಕೋಚಿಂಗ್ ಟಿಪ್ಪಣಿಗೂ ನಡುವಿನ ಹಾದಿಯಲ್ಲಿ.

ಇದರ ನಷ್ಟ ತರಗತಿಯಲ್ಲಿ ಕಾಣಿಸುತ್ತದೆ. ಹತ್ತರಿಂದ ಭಾಗಿಸಲು ಬಲ್ಲ ಹದಿನೈದರ ಹುಡುಗ ಉಳಿದ ತೊಂಬತ್ತು ಎಲ್ಲಿ ಹೋಯಿತೆಂದು ಕೇಳಿದರೆ ತಡವರಿಸುತ್ತಾನೆ. ‘ವ್ಯರ್ಥವಾಯಿತು’ ಎನ್ನುವುದು ಸಾಮಾನ್ಯ ಉತ್ತರ. ಮಿಡತೆ ಜಿಗಿದದ್ದು, ಉಸಿರಾಡಿದ್ದು, ಬದುಕಿದ್ದು ಆ ತೊಂಬತ್ತರಲ್ಲೇ. ಅದು ತಿನ್ನದೆ ಬಿಟ್ಟ ಹುಲ್ಲು, ಜೀರ್ಣಿಸದೆ ಹಾಕಿದ ಹಿಕ್ಕೆ ಶಾಖವಾಗಿಲ್ಲ. ಮಣ್ಣಿನ ವಿಘಟಕರ ಪಾಲಾಗಿದೆ. ಲಿಂಡೆಮನ್ ನಟ್ಟನಡುವೆ ಇಟ್ಟ ಕೆಸರನ್ನು ನಮ್ಮ ಕಪ್ಪುಹಲಗೆಯ ಚಿತ್ರಗಳು ಬದಿಗೆ ತಳ್ಳಿ, ಹುಲ್ಲು-ಮಿಡತೆ-ಕಪ್ಪೆ-ಹಾವು ಎಂಬ ನೇರ ಗೆರೆಯನ್ನಷ್ಟೇ ಉಳಿಸಿಕೊಂಡಿವೆ.

ಬಾಣದ ಗುರುತಿನದು ಇನ್ನೊಂದು ಗೊಂದಲ. ಹಾವು ಕಪ್ಪೆಯನ್ನು ತಿನ್ನುತ್ತದೆ ಎಂಬ ವಾಕ್ಯದ ಕ್ರಮದಲ್ಲೇ ಮಕ್ಕಳು ಹಾವಿನಿಂದ ಕಪ್ಪೆಯ ಕಡೆಗೆ ಬಾಣ ಎಳೆಯುತ್ತಾರೆ. ಬಾಣ ತೋರಿಸಬೇಕಾದದ್ದು ಯಾರು ಯಾರನ್ನು ತಿಂದರೆಂಬುದನ್ನಲ್ಲ, ಶಕ್ತಿ ಎತ್ತ ಹರಿಯಿತೆಂಬುದನ್ನು. ಕಪ್ಪೆಯಿಂದ ಹಾವಿಗೆ. ಶಕ್ತಿಯನ್ನು ಲೆಕ್ಕದ ನಾಣ್ಯವೆಂದು ಮೊದಲು ವಿವರಿಸಿದ ಶಿಕ್ಷಕರ ತರಗತಿಯಲ್ಲಿ ಈ ತಪ್ಪು ತಾನಾಗಿ ಕಡಿಮೆಯಾಗುತ್ತದೆ. ಹಣ ಕೊಟ್ಟವರ ಕೈಯಿಂದ ಪಡೆದವರ ಕೈಗೆ ಹೋಗುತ್ತದೆಂಬುದನ್ನು ಯಾರೂ ಕಲಿಸಬೇಕಿಲ್ಲ.

ಮೂರನೆಯದು, ಕಂಡ ಹತ್ತನ್ನೆಲ್ಲ ಈ ನಿಯಮದ ಖಾತೆಗೆ ಹಾಕುವ ಚಾಳಿ. ನಾಗರಹೊಳೆಯ ಅಧ್ಯಯನಗಳಿಂದ ಪ್ರಸಿದ್ಧವಾದ ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳನ್ನು ಬೇಟೆಯಾಡುತ್ತದೆ. ಅದಕ್ಕಾಗಿ ಕಾಡಿನಲ್ಲಿ ಸುಮಾರು 500 ಬಲಿಪ್ರಾಣಿಗಳಿರಬೇಕು. ಇಲ್ಲೂ ಹತ್ತಕ್ಕೊಂದು. ಆದರೆ ಇದು ಹಿಂಡು ಕರಗದಂತೆ ಪ್ರತಿವರ್ಷ ತೆಗೆಯಬಹುದಾದ ಪ್ರಾಣಿಗಳ ಸಂಖ್ಯೆಯ ಲೆಕ್ಕ; ಜಿಂಕೆಯ ಶಕ್ತಿಯಲ್ಲಿ ಎಷ್ಟು ಭಾಗ ಹುಲಿಯ ಮೈಯಾಯಿತೆಂಬ ಲೆಕ್ಕವಲ್ಲ. ದೊಡ್ಡ ಬೇಟೆಗಾರ ಪ್ರಾಣಿಗಳು ಏಕೆ ವಿರಳವೆಂಬುದನ್ನು ಎರಡೂ ವಿವರಿಸುತ್ತವೆ, ಆದರೆ ಬೇರೆ ಬೇರೆ ದಿಕ್ಕಿನಿಂದ. ಈ ವ್ಯತ್ಯಾಸವನ್ನು ಒಂದು ತಾಸು ಚರ್ಚಿಸಿದ ತರಗತಿ ಹತ್ತು ಲೆಕ್ಕ ಬಿಡಿಸಿದ ತರಗತಿಗಿಂತ ಹೆಚ್ಚು ಕಲಿತಿರುತ್ತದೆ.

ಲಿಂಡೆಮನ್ ದಾರಿಯಲ್ಲಿ ಕಲಿಸಲು ದೊಡ್ಡ ಉಪಕರಣಗಳೇನೂ ಬೇಕಿಲ್ಲ. ಊರ ಕೆರೆಯ ಒಂದು ಬಕೆಟ್ ನೀರು, ಒಂದು ಹಿಡಿ ಕೆಸರು, ಬಟ್ಟೆಯ ಜರಡಿ, ತಕ್ಕಡಿ ಇದ್ದರೆ ಯಾವ ಗುಂಪಿನ ಜೀವಿಗಳು ಎಷ್ಟು ತೂಗುತ್ತವೆಂಬ ಪಟ್ಟಿ ತಯಾರಾಗುತ್ತದೆ. ಬರುವ ಅಂಕಿ ಪುಸ್ತಕದ್ದಕ್ಕೆ ಹೊಂದದಿದ್ದರೆ, ಹುಳುಗಳ ತೂಕ ಪಾಚಿಯದನ್ನು ಮೀರಿದರೆ, ಪಾಠ ಅಲ್ಲಿಂದ ಆರಂಭವಾಗಬೇಕು. ಒಂದು ಹೊತ್ತಿನ ತೂಕ ಬೇರೆ, ವರ್ಷವಿಡೀ ಹರಿದ ಶಕ್ತಿ ಬೇರೆ. ದಿನಕ್ಕೊಮ್ಮೆ ಇಮ್ಮಡಿಯಾಗುವ ಪಾಚಿ ತನಗಿಂತ ಭಾರದ ಹಿಂಡನ್ನು ಸಾಕಬಲ್ಲದು. ತೂಕದ ಪಿರಮಿಡ್ ತಲೆಕೆಳಗಾಗಬಹುದು, ಶಕ್ತಿಯ ಪಿರಮಿಡ್ ಆಗಲಾರದು.

ಅಮೆರಿಕದ ಸರೋವರ ಮತ್ತು ಸಾಗರ ವಿಜ್ಞಾನಿಗಳ ಸಂಘ 1987ರಿಂದ ಯುವ ಸಂಶೋಧಕರ ಅತ್ಯುತ್ತಮ ಲೇಖನಕ್ಕೆ ಲಿಂಡೆಮನ್ ಹೆಸರಿನ ಪ್ರಶಸ್ತಿಯನ್ನು ನೀಡುತ್ತಿದೆ. ಸೀಡರ್ ಬಾಗ್ ಕೆರೆ ಮತ್ತು ಸುತ್ತಲಿನ ಪ್ರದೇಶ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂರಕ್ಷಿತ ಅಧ್ಯಯನ ಕ್ಷೇತ್ರವಾಗಿದ್ದು, 1982ರಿಂದ ದೀರ್ಘಾವಧಿ ಪರಿಸರ ಸಂಶೋಧನೆಯ ಕೇಂದ್ರಗಳಲ್ಲೊಂದು. ಲಿಂಡೆಮನ್ 1941ರಲ್ಲಿ ಬರೆದಂತೆ ಕೆರೆ ತುಂಬುತ್ತ ಹೋಗಿ ಜವುಗಾಗಿ, ಕೊನೆಗೆ ಕಾಡಾಗಬೇಕು. ಅದಿನ್ನೂ ಆಗಿಲ್ಲ. ನೀರು ಇನ್ನೂ ಇದೆ, ತಳದಲ್ಲಿ ಕೆಸರು ಏರುತ್ತಿದೆ.